ಜುಲು, ಖೋಸಾ, ಯೊರುಬಾ ದನಿ ಇಟ್ಕೊಂಡು ಹೌಸ್ ಟ್ರ್ಯಾಕ್ ಮಾಡೋದು ಹೇಗೆ: ಮೊದ್ಲು ಮಾತು, ಆಮೇಲೆ ಬೀಟು

ನನ್ನ ಮೊದಲನೇ ಆಫ್ರೋ ಹೌಸ್ (ಆಫ್ರಿಕಾದ ದನಿ, ತಾಳ ಬೆರೆಸಿದ ಕ್ಲಬ್ ಡಾನ್ಸ್ ಸಂಗೀತ) ಟ್ರ್ಯಾಕಿಗೆ ದಕ್ಷಿಣ ಆಫ್ರಿಕಾದ ಡರ್ಬನ್ ಕಡೆಯ ಒಬ್ಬ ಹಾಡುಗಾರ್ತಿ ಅಲ್ಲಿನ ಜುಲು ಭಾಷೆಯಲ್ಲಿ ಹಾಡಿ ಕಳಿಸಿದ್ರು. ಅದರಲ್ಲಿ ಒಂದು ಪದ 'ಅಙ್ಗಿಕುಥಾಂಡಿ'. ಶುರುವಿನ 'ಅ' ತುಂಬಾ ಮೆತ್ತಗಿತ್ತು, ಕಿಕ್ ಡ್ರಮ್ ಬೀಳೋದಕ್ಕೆ ಮುಂಚೆ ಉಸಿರಿನ ಜೊತೆ ಸೇರ್ಕೊಂಡು ಹೋಗ್ತಿತ್ತು, ಹಾಗಾಗಿ ಅದನ್ನ ಕತ್ತರಿಸಿ ಎಸೆದು 'ಙ್ಗಿಕುಥಾಂಡಿ' ಇಂದ ಲೂಪ್ ಮಾಡ್ದೆ. ಕೇಳೋಕೆ ಚೆನ್ನಾಗೇ ಇತ್ತು. ಕಳಿಸಿದ ಮೇಲೆ ಅವರು ಬರೆದ್ರು, ಇದು ನಾನು ಹಾಡಿದ ಮಾತಲ್ಲ, ನಾನು ಹೇಳಿದ್ದು 'ನಿನ್ನನ್ನ ಪ್ರೀತಿಸಲ್ಲ' ಅಂತ, ಇಲ್ಲಿ 'ಇಲ್ಲ' ಅನ್ನೋದೇ ಹೋಗಿದೆ ಅಂತ. ಕನ್ನಡದಲ್ಲಿ 'ಇಲ್ಲ', 'ಅಲ್ಲ' ಎಲ್ಲಾ ಪದದ ಬಾಲದಲ್ಲಿ ಬರತ್ತಲ್ವಾ, ಅದಕ್ಕೇ ನಮ್ಮ ಕಿವಿ ಪದದ ತಲೆ ಹೋದ್ರೆ ಪರವಾಗಿಲ್ಲ ಅಂದ್ಕೊಳತ್ತೆ. ಜುಲುವಿನಲ್ಲಿ ಆ ಪುಟ್ಟ 'ಅ' ಮುಂದೆ ಕೂತಿರತ್ತೆ. 'ಙ್ಗಿಯಾಕುಥಾಂಡಾ' ಅಂದ್ರೆ ನಿನ್ನನ್ನ ಪ್ರೀತಿಸ್ತೀನಿ. 'ಅಙ್ಗಿಕುಥಾಂಡಿ' ಅಂದ್ರೆ ಪ್ರೀತಿಸಲ್ಲ. ಕೊನೆಯ 'ಆ' ಕೂಡ 'ಇ' ಆಗತ್ತೆ ನೋಡಿ, ಎರಡೂ ತುದಿ ಸೇರಿ ಇಲ್ಲ ಅನ್ನತ್ತೆ.

ಆವತ್ತಿಂದ ಈ ಥರದ ವೋಕಲ್ ಕೈಗೆ ಬಂದ್ರೆ ನಾನು ಡಿಎಡಬ್ಲ್ಯೂ (ರೆಕಾರ್ಡಿಂಗ್ ಸಾಫ್ಟ್‌ವೇರ್) ತೆರೆಯೋದಕ್ಕೂ ಮುಂಚೆ ನೋಟ್‌ಬುಕ್ ತೆರೀತೀನಿ. ಪಿಚ್ ಕರೆಕ್ಷನ್ (ಶ್ರುತಿ ಸರಿ ಮಾಡೋದು), ಚಾಪ್ (ದನಿ ಕತ್ತರಿಸೋದು), ಕ್ವಾಂಟೈಸ್ (ತಾಳದ ಗ್ರಿಡ್ಡಿಗೆ ಕೂರಿಸೋದು), ಡೀ-ಎಸ್ಸರ್ (ಚುಚ್ಚೋ ಸ ಸದ್ದನ್ನ ತಗ್ಗಿಸೋದು) ಎಲ್ಲದರಲ್ಲೂ ಭಾಷೆ ಗೊತ್ತಿದ್ರೆ ನಿಮ್ಮ ನಿರ್ಧಾರ ಬದಲಾಗತ್ತೆ, ಈ ಬರಹದಲ್ಲಿ ಹೇಳೋಕೆ ಹೊರಟಿರೋದು ಅದೇ.

ಮೊದಲನೇ ಕೆಲಸ, ಯಾವ ಭಾಷೆ ಅಂತ ತಿಳ್ಕೊಳಿ. 'ಆಫ್ರಿಕನ್ ವೋಕಲ್' ಅಂತ ಹೆಸರಿಟ್ಟ ಸ್ಯಾಂಪಲ್ ಪ್ಯಾಕ್ (ಮೊದಲೇ ರೆಕಾರ್ಡ್ ಮಾಡಿಟ್ಟ ತುಣುಕುಗಳ ಕಟ್ಟು) ಎಷ್ಟೋ ಸಿಗತ್ತೆ, ಆದ್ರೆ ಆ ಖಂಡದಲ್ಲಿ 1500ಕ್ಕೂ ಹೆಚ್ಚು ಭಾಷೆ ಇದೆ, ದಕ್ಷಿಣ ಆಫ್ರಿಕಾ ಒಂದರಲ್ಲೇ 12 ಅಧಿಕೃತ ಭಾಷೆ, ಅದರಲ್ಲಿ ಹನ್ನೆರಡನೇದು 2023ರಲ್ಲಿ ಸೇರಿಸಿದ ಸನ್ನೆ ಭಾಷೆ. ಕನ್ನಡದ ಹಾಡನ್ನ ಯಾರೋ 'ಇಂಡಿಯನ್ ವೋಕಲ್' ಅಂತ ಫೋಲ್ಡರಿಗೆ ಹಾಕಿದ್ರೆ ನಮಗೆ ಎಷ್ಟು ಉರಿಯತ್ತೆ, ಅವರಿಗೂ ಅಷ್ಟೇ. ಭಾಷೆಯ ಹೆಸರು, ಹಾಡಿದವರ ಹೆಸರು, ಸಾಲಿನ ಅರ್ಥ, ಈ ಮೂರೂ ಇಲ್ಲದ ಪ್ಯಾಕನ್ನ ನಾನು ಮುಟ್ಟಲ್ಲ. ಇದರ ಜೊತೆ ಒಂದು ಮಾತು, ದಕ್ಷಿಣ ಆಫ್ರಿಕಾದ ಝೇಕ್ಸ್ ಬಂಟ್ವಿನಿ ಮತ್ತೆ ಕಸಾಂಗೋ ಮಾಡಿದ 2021ರ 'ಒಸಾಮಾ' ಹಾಡು ಕೇಳಿ ಅದು ಜುಲು ಅಂತ ತುಂಬಾ ಜನ ಅಂದ್ಕೊಂಡಿದಾರೆ, ಅದರಲ್ಲಿರೋದು ಯಾವ ಭಾಷೆಯ ಪದಗಳೂ ಅಲ್ಲ, ಹಾಡುವಾಗ ಹಾಗೇ ಹೊಮ್ಮಿದ ದನಿ. ಅವರು ತಮ್ಮ ಹಾಡಿನ ಪರಂಪರೆ ಒಳಗೆ ನಿಂತು ಹಾಗೆ ಹಾಡಿದ್ದು ಚಂದ, ನಾವು ಬೆಂಗಳೂರಲ್ಲಿ ಕೂತು ಜುಲು ಥರ ಕೇಳಿಸೋ ಏನೋ ಒಂದನ್ನ ಹುಟ್ಟಿಸಿ ಹಾಡಿದ್ರೆ ಅದು ಬೇರೆ ವಿಷಯ, ಅದನ್ನ ಮಾಡ್ಬೇಡಿ.

ಒಂದೇ ಹಾಡಲ್ಲಿ ಮೂರು ಭಾಷೆ ಬಂದ್ರೂ ಗಾಬರಿ ಬೀಳ್ಬೇಡಿ. ವರ್ಣಭೇದದ ಕಾಲದಲ್ಲಿ ದಕ್ಷಿಣ ಆಫ್ರಿಕಾದ ಸರ್ಕಾರಿ ರೇಡಿಯೋ ಒಂದೊಂದು ಭಾಷೆಗೆ ಒಂದೊಂದು ಸ್ಟೇಷನ್ ಅಂತ ಜನರನ್ನ ಬೇರೆ ಬೇರೆ ಇಟ್ಟಿತ್ತು. 90ರ ದಶಕದಲ್ಲಿ ಜೊಹಾನ್ಸ್‌ಬರ್ಗ್ ಟೌನ್‌ಶಿಪ್ಪುಗಳಲ್ಲಿ (ಕಪ್ಪು ಜನರನ್ನ ಬೇರೆ ಇಟ್ಟಿದ್ದ ಬಡಾವಣೆಗಳು) ಹೌಸ್ ರೆಕಾರ್ಡುಗಳ ವೇಗ ಇಳಿಸಿ ಅದರ ಮೇಲೆ ತಮ್ಮ ಮಾತು ಹಾಕಿ ಕ್ವೈಟೋ ಅನ್ನೋ ಶೈಲಿ ಹುಟ್ಟಿದಾಗ ಹುಡುಗರು ಜುಲು, ಸೆಸೋಥೋ, ಇಂಗ್ಲಿಷು, ಬೀದಿಯ ಇಸ್ಕಾಮ್ಥೋ ಎಲ್ಲಾ ಒಟ್ಟಿಗೇ ಮಾತಾಡಿದ್ರು. ಇವತ್ತಿನ ಅಮಾಪಿಯಾನೋ ಅನ್ನೋ ಹೌಸ್ ಶೈಲಿವರೆಗೂ ಆ ಬೆರಕೆ ಹಾಗೇ ಬಂದಿದೆ. ಹಾಗಾಗಿ ಸಾಲು ಸಾಲಿಗೂ ಭಾಷೆ ಯಾವುದು ಅಂತ ಕೇಳಿ ಬರ್ಕೊಳಿ.

ಈಗ ಹಾಡಿದವರ ಹತ್ರ ಏನೇನು ಕೇಳ್ಬೇಕು ಅಂತ ಹೇಳ್ತೀನಿ. ಹಾಡಿನ ಪೂರ್ತಿ ಸಾಹಿತ್ಯ ಅವರದೇ ಸ್ಪೆಲ್ಲಿಂಗಲ್ಲಿ, ಪದ ಪದದ ಅರ್ಥ, ಆಮೇಲೆ ತುಂಬಾ ಮುಖ್ಯವಾಗಿ ಪ್ರತಿ ಸಾಲನ್ನ ಹಾಡದೆ ಬರೀ ಮಾತಾಡಿ ಕಳಿಸಿದ ಒಂದು ವಾಯ್ಸ್ ನೋಟ್. ಫೋನಲ್ಲಿ ರೆಕಾರ್ಡ್ ಮಾಡಿದ್ರೆ ಸಾಕು. ಆ ವಾಯ್ಸ್ ನೋಟೇ ಮುಂದೆ ನಿಮಗೆ ಅಳತೆಗೋಲು.

ಅದನ್ನ ಕೇಳ್ತಾ ಪದಗಳನ್ನ ಕನ್ನಡದಲ್ಲಿ ಬರ್ಕೊಳಿ. ನಮ್ಮ ಲಿಪಿ ಇದಕ್ಕೆ ಇಂಗ್ಲಿಷಿಗಿಂತ ಎಷ್ಟೋ ಚೆನ್ನಾಗಿ ಒಗ್ಗತ್ತೆ. ಜುಲುವಿನಲ್ಲಿ ಪಿ-ಎಚ್ ಅಂತ ಬರೆದಿದ್ರೆ ಅದು ನಿಜವಾದ ಮಹಾಪ್ರಾಣ ಫ, ತುಟಿ ಸೇರಿಸಿ ಹೇಳೋದು, 'ಫೋನ್' ಅನ್ನುವಾಗ ಬರೋ ಫ ಅಲ್ಲ. ಕೆ-ಎಚ್ ನಮ್ಮ ಖ. ಟಿ-ಎಚ್ ಕೂಡ ಮಹಾಪ್ರಾಣವೇ, ಹಲ್ಲಿಗಿಂತ ಸ್ವಲ್ಪ ಮೇಲೆ ನಾಲಿಗೆ ತಾಗತ್ತೆ. ವರ್ಣಮಾಲೆಲಿ ಬರೀ ಬಾಯಿಪಾಠಕ್ಕೆ ಕಲ್ತ ಙ ಇಲ್ಲಿ ಪ್ರತಿ ಎರಡನೇ ಸಾಲಲ್ಲೂ ಬರತ್ತೆ, ಯಾಕಂದ್ರೆ 'ಙ್ಗಿ' ಅಂದ್ರೇನೇ 'ನಾನು'. ಒಂದು ಕಡೆ ಮಾತ್ರ ಮೋಸ ಹೋಗ್ತೀವಿ, ಬಿ-ಎಚ್ ಅಂತ ಇದ್ರೆ ಅದು ನಮ್ಮ ಭ ಅಲ್ಲ, ಭಾರವಾದ ಬ ಅಷ್ಟೆ. ಬರೀ ಬಿ ಇದ್ದಾಗ ಉಸಿರನ್ನ ಸ್ವಲ್ಪ ಒಳಗೆ ಎಳ್ಕೊಂಡು ಹೇಳೋ ಮೆತ್ತನೆ ಬ. ಎಚ್-ಎಲ್ ಅನ್ನೋದಕ್ಕೆ ನಮ್ಮಲ್ಲಿ ಅಕ್ಷರ ಇಲ್ಲ, ಲ ಹೇಳೋ ಹಾಗೆ ನಾಲಿಗೆ ಇಟ್ಟು ಬರೀ ಗಾಳಿ ಊದಿದ್ರೆ ಬರತ್ತೆ.

ಇನ್ನೊಂದು ಚಂದದ ಹೋಲಿಕೆ ಇದೆ. ಜುಲು ಪದಗಳೂ ನಮ್ಮ ಹಾಗೇ ಸ್ವರದಲ್ಲೇ ಮುಗಿಯತ್ತೆ. ನಾವು ಬಸ್ಸು, ಕಾರು, ಬ್ಯಾಂಕು ಅಂತ ಬಾಲ ಸೇರಿಸ್ತೀವಲ್ಲ, ಹಾಗೇ ಜೆರುಸಲೇಮ್ ಅಲ್ಲಿ 'ಜೆರುಸಲೆಮಾ' ಆಗತ್ತೆ. ಮಾಸ್ಟರ್ ಕೆಜಿ ಮತ್ತೆ ನೊಮ್ಚೆಬೊ ಝಿಕೋಡೆ ಅವರ 2019ರ ಆ ಹಾಡು 2020ರಲ್ಲಿ ಲಾಕ್‌ಡೌನ್ ಹೊತ್ತಲ್ಲಿ ಪ್ರಪಂಚ ಪೂರ್ತಿ ಕುಣಿಸ್ತು, ಅರ್ಥ ಗೊತ್ತಿಲ್ಲದೋರೂ ಜೊತೆಗೆ ಹಾಡಿದ್ರು. ಅದಕ್ಕೆ ಒಂದು ಕಾರಣ ಈ ತೆರೆದ ಸ್ವರಗಳು ಅಂತ ನನಗೆ ಅನ್ನಿಸತ್ತೆ. ಸ್ವರದಲ್ಲಿ ಮುಗಿಯೋ ಪದದ ಮೇಲೆ ರಿವರ್ಬ್ (ಕೋಣೆಯ ಮೊಳಗು) ಹಾಕಿದ್ರೆ ಬಾಲ ತಾನಾಗೇ ಹಾಡತ್ತೆ, ವ್ಯಂಜನದಲ್ಲಿ ಮುಗಿಯೋ ಭಾಷೆಗಳಲ್ಲಿ ಅಷ್ಟು ಸುಲಭವಾಗಿ ಸಿಗಲ್ಲ.

ಉದ್ದದ ವಿಷಯಕ್ಕೆ ಬರೋಣ, ಇಲ್ಲೇ ಹೆಚ್ಚಿನ ಟ್ರ್ಯಾಕುಗಳು ಎಡವೋದು. ಜುಲು, ಅದರ ಹತ್ತಿರದ ನಂಟಿನ ಖೋಸಾ ಭಾಷೆ, ಎರಡರಲ್ಲೂ ಮಾತು ನಿಲ್ಲೋ ಕಡೆ ಕೊನೆಯಿಂದ ಎರಡನೇ ಅಕ್ಷರ ಎಳೆಯತ್ತೆ, ಕೊನೇದು ಮೆತ್ತಗೆ ಇಳಿಯತ್ತೆ. 'ಙ್ಗಿ-ಯಾ-ಕು-ಥಾಆಆಂ-ಡಾ'. ಟ್ರ್ಯಾಕ್ 122 ಬಿಪಿಎಂ (ನಿಮಿಷಕ್ಕೆ 122 ಬೀಟು) ಇದ್ರೆ ಒಂದು ಬೀಟ್ ಸುಮಾರು 492 ಮಿಲಿಸೆಕೆಂಡು, ಅದರ ಕಾಲು ಭಾಗ 123. ಮೊದಲ ಮೂರು ಅಕ್ಷರ ಕಾಲು ಕಾಲು ಬೀಟಲ್ಲಿ ಓಡಿ, 'ಥಾಂ' ಅರ್ಧ ಬೀಟೋ ಅದಕ್ಕಿಂತ ಹೆಚ್ಚೋ ನಿಂತು, 'ಡಾ' ಹಗುರಾಗಿ ಬಿದ್ರೆ ಅದು ಮಾತಿನ ಹಾಗೆ ಕೇಳತ್ತೆ. ನೀವು ಐದೂ ಅಕ್ಷರವನ್ನ ಗ್ರಿಡ್ಡಿಗೆ ಸಮ ಸಮ ಕೂರಿಸಿದ್ರೆ ಅಲ್ಲಿನವರಿಗೆ ಯಂತ್ರ ಓದಿದ ಹಾಗೆ ಇರತ್ತೆ. ಇನ್ನೂ ಕೆಟ್ಟದ್ದು, ಕೊನೆಯ 'ಡಾ' ಮೇಲೆ ಡೌನ್‌ಬೀಟ್ (ತಾಳದ ಮೊದಲ ಪೆಟ್ಟು) ಒತ್ತು ಕೊಡೋದು. ಒತ್ತು ಬೇಕಾದ್ರೆ 'ಥಾಂ' ಮೇಲೆ ಕೊಡಿ. ಡಿಲೇ ಹಾಕೋದಾದ್ರೂ ಆಟೊಮೇಷನ್ ಮಾಡಿ ಆ ಎಳೆದ ಅಕ್ಷರಕ್ಕೆ ಮಾತ್ರ ಹಾಕಿ. ನಾಯ್ಸ್ ಗೇಟ್ (ಸಣ್ಣ ಸದ್ದನ್ನ ಮುಚ್ಚಿಬಿಡೋದು) ಆದಷ್ಟು ಬೇಡ, ಆ ಮೆತ್ತನೆ ಕೊನೆ ಅಕ್ಷರವನ್ನ ಅದು ಮೊದಲು ನುಂಗತ್ತೆ.

ಕ್ವಾಂಟೈಸ್ ಬಗ್ಗೆ ಇನ್ನೂ ಒಂದು. ಈ ಹಾಡುಗಳಲ್ಲಿ ದನಿ ಹೆಜ್ಜೆಯ ಮೇಲೇ ಬೀಳ್ಬೇಕು ಅಂತಿಲ್ಲ, ಚಪ್ಪಾಳೆ ಆದ ಮೇಲೆ ಒಂದು ಕ್ಷಣ ಬಿಟ್ಟು ಬರೋದು ಅಲ್ಲಿನ ಹಳೇ ಅಭ್ಯಾಸ. ಆ ತಡವನ್ನ ತಪ್ಪು ಅಂತ ಸರಿ ಮಾಡ್ಬೇಡಿ. ಸಾಲಿನ ಶುರುವನ್ನ ಮಾತ್ರ ಕಿವಿಯಲ್ಲಿ ಕೂರಿಸಿ, ಒಳಗಿನದು ಅವರು ಹಾಡಿದ ಹಾಗೇ ಇರ್ಲಿ.

ಕ್ಲಿಕ್ ಸದ್ದುಗಳು. ಜುಲು, ಖೋಸಾ ಎರಡೂ ಇವನ್ನ ಅಕ್ಕಪಕ್ಕದ ಖೋಯ್ ಮತ್ತೆ ಸಾನ್ ಜನರ ಭಾಷೆಗಳಿಂದ ಪಡೆದದ್ದು. ಸಿ ಅಂತ ಬರೆಯೋದು ನಾವು ಅಯ್ಯೋ ಪಾಪ ಅಂತ ಲೊಚಗುಟ್ಟೋ ಸದ್ದು. ಎಕ್ಸ್ ಅಂತ ಬರೆಯೋದು ಎತ್ತು ಹೊಡೆಯೋರು ಕೆನ್ನೆ ಪಕ್ಕದಿಂದ ಮಾಡೋ ಸದ್ದು. ಕ್ಯೂ ಅಂತ ಬರೆಯೋದು ಮಕ್ಕಳು ಕುದುರೆ ಆಟ ಆಡ್ತಾ ನಾಲಿಗೆಯನ್ನ ಅಂಗುಳಕ್ಕೆ ಅಂಟಿಸಿ ಟಕ್ ಅಂತ ಬಿಡೋದು. ಅಂದ್ರೆ ಈ ಮೂರೂ ನಮಗೆ ಬರತ್ತೆ, ನಮಗೆ ಅದು ಮಾತಿನ ಹೊರಗಿನ ಸದ್ದು, ಅವರಿಗೆ ಅದು ಕ, ಚ, ಟ ಥರ ಒಂದು ವ್ಯಂಜನ, ಅದರ ಬೆನ್ನಿಗೇ ಸ್ವರ ಅಂಟಿರತ್ತೆ. ಖೋಸಾ ಅನ್ನೋ ಹೆಸರೇ ಅಲ್ಲಿನವರ ಬಾಯಲ್ಲಿ ಕ್ಲಿಕ್ಕಿಂದ ಶುರುವಾಗತ್ತೆ. ಡರ್ಬನ್ನಿನಲ್ಲಿ ಹುಟ್ಟಿದ ಗ್ಕೋಮ್ ಅನ್ನೋ ಶೈಲಿಯ ಹೆಸರಲ್ಲೂ ಕ್ಲಿಕ್ ಇದೆ.

ಮಿಕ್ಸಿಂಗಲ್ಲಿ ಈ ಕ್ಲಿಕ್ಕುಗಳಿಗೆ ನಮ್ಮ ಸಾಫ್ಟ್‌ವೇರುಗಳೇ ಶತ್ರು. ಮೌತ್ ಡೀ-ಕ್ಲಿಕ್ ಅಂತ ಒಂದು ಪ್ಲಗಿನ್ ಬರತ್ತಲ್ಲ, ಬಾಯಿ ಸದ್ದು ತೆಗೆಯೋದು, ಅದನ್ನ ಅಭ್ಯಾಸಬಲದಿಂದ ಹಾಕಿದ್ರೆ ವ್ಯಂಜನಗಳನ್ನೇ ಅಳಿಸಿ ಹಾಕತ್ತೆ. ಸ್ಟೆಮ್ ಸೆಪರೇಟರಲ್ಲಿ (ಹಾಡನ್ನ ದನಿ, ಡ್ರಮ್ ಅಂತ ಬಿಡಿಸೋ ಸಾಫ್ಟ್‌ವೇರ್) ವೋಕಲ್ ಬೇರೆ ಮಾಡಿದಾಗ ಕ್ಲಿಕ್ಕುಗಳು ಡ್ರಮ್ ಸ್ಟೆಮ್ಮಿಗೆ ಹೋಗಿ ಕೂತಿದ್ದನ್ನ ನಾನೇ ನೋಡಿದೀನಿ, ಪದ ಬೊಚ್ಚುಬಾಯಿ ಆಗಿಬಿಟ್ಟಿತ್ತು. ಅದಕ್ಕೇ ಹಾಡಿದವರಿಂದ ಒಣ ಟೇಕ್ ತಗೊಳಿ, ಎಫೆಕ್ಟ್ ಇಲ್ಲದ್ದು. ಮೈಕಿನಿಂದ ಒಂದು ಗೇಣು ದೂರ, ಮುಖ ಒಂದು ಚೂರು ಓರೆ, ಲೆವೆಲ್ ಜೋರು ಕ್ಲಿಕ್ಕಿಗೂ ಮೈನಸ್ 10 ಡಿಬಿ ಹತ್ರ ನಿಲ್ಲೋ ಹಾಗೆ ಇಡೋಕೆ ಹೇಳಿ. ಕ್ಲಿಕ್ ಜೋರಾಯ್ತು ಅಂದ್ರೆ ಕಂಪ್ರೆಸರಿಗೆ (ಜೋರು ಸದ್ದನ್ನ ತಾನೇ ತಗ್ಗಿಸೋದು) ಬಿಡ್ಬೇಡಿ, ಅದು ಕ್ಲಿಕ್ ಕಂಡ ತಕ್ಷಣ ಆಮೇಲೆ ಬರೋ ಸ್ವರವನ್ನೂ ತಗ್ಗಿಸತ್ತೆ, ಆ ಒಂದು ಕ್ಲಿಕ್ಕನ್ನ ಕೈಯಲ್ಲೇ ಕ್ಲಿಪ್ ಗೇನಲ್ಲಿ ಮೂರು ನಾಲ್ಕು ಡಿಬಿ ಇಳಿಸಿ. ಟೈಮ್ ಸ್ಟ್ರೆಚ್ ಮಾಡಿದ್ರೆ, ಉದಾಹರಣೆಗೆ 112ರ ಅಮಾಪಿಯಾನೋ ವೋಕಲನ್ನ 122ಕ್ಕೆ ಎಳೆದ್ರೆ ಅದು 9 ಶೇಕಡಾ ವೇಗ, ಸ್ವರಗಳು ತಡ್ಕೊಳತ್ತೆ, ಕ್ಲಿಕ್ ಮಾತ್ರ ಮಸುಕಾಗತ್ತೆ, ಹಳೇ ಫೈಲಿಂದ ಆ ಕ್ಲಿಕ್ಕನ್ನ ಕತ್ತರಿಸಿ ಮೇಲೆ ಅಂಟಿಸಿ. ಕ್ಲಿಕ್ ಬೀಳೋ ಜಾಗದಲ್ಲಿ ರಿಮ್‌ಶಾಟ್, ಶೇಕರ್ ಇದ್ರೆ ಅದನ್ನ ತೆಗೀರಿ. ಡೀ-ಎಸ್ಸರ್ ಎಚ್-ಎಲ್ ಸದ್ದನ್ನ ಸ ಅಂತ ತಿಳ್ಕೊಂಡು ಹಿಸುಕತ್ತೆ, ಅಲ್ಲೆಲ್ಲ ಬೈಪಾಸ್ ಮಾಡಿ.

ಈಗ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ವಿಷಯ, ಶ್ರುತಿ. ಕನ್ನಡದಲ್ಲಿ ಒಂದು ಪದವನ್ನ ಯಾವ ಸ್ವರದಲ್ಲಿ ಹಾಡಿದ್ರೂ ಪದದ ಅರ್ಥ ಬದಲಾಗಲ್ಲ, ಮರ ಅಂದ್ರೆ ಮರವೇ. ನೈಜೀರಿಯಾ ಕಡೆಯ ಯೊರುಬಾದಲ್ಲಿ ಹಾಗಿಲ್ಲ. 'ಒಕೊ' ಅನ್ನೋದನ್ನ ಎರಡೂ ಅಕ್ಷರ ಮಧ್ಯದ ಸ್ಥಾಯಿಯಲ್ಲಿ ಹೇಳಿದ್ರೆ ಗಂಡ, ಎರಡನೇದನ್ನ ಏರಿಸಿದ್ರೆ ಗುದ್ದಲಿ, ಇಳಿಸಿದ್ರೆ ಗಾಡಿ. ಅಲ್ಲಿ ಮಕ್ಕಳಿಗೆ ಈ ಮೂರು ಸ್ಥಾಯಿಯನ್ನ ದೋ, ರೇ, ಮಿ ಅಂತಲೇ ಕಲಿಸ್ತಾರೆ, ಅಂದ್ರೆ ಮಾತೇ ಅರ್ಧ ಹಾಡು. ನೈಜೀರಿಯಾದ ಹಾಡುಗಾರ ಅಸಾಕೆ ಥರದವರು 2022ರಿಂದ ಈಚೆ ಅಮಾಪಿಯಾನೋ ಲಾಗ್ ಡ್ರಮ್ (ಆ ಶೈಲಿಯ ಗುಡುಗೋ ಬೇಸ್ ಸದ್ದು) ಮೇಲೆ ಯೊರುಬಾ ಹಾಡ್ತಾ ಇದಾರಲ್ಲ, ಅವರ ರಾಗ ಎಲ್ಲಿ ಏರತ್ತೆ ಎಲ್ಲಿ ಇಳಿಯತ್ತೆ ಅಂತ ಕೂತು ಕೇಳಿ. ಮಾಲಿಯ ಬಂಬಾರಾದಲ್ಲೂ ಸ್ಥಾಯಿ ಇದೆ, ಫಾತೂಮಾತಾ ಜವಾರಾ ಅವರ ದನಿ ಇಟ್ಕೊಂಡು ಇಂಗ್ಲೆಂಡಿನ ಡಿಸ್‌ಕ್ಲೋಷರ್ ಜೋಡಿ 2018ರಲ್ಲಿ 'ಅಲ್ಟಿಮೇಟಂ', 2020ರಲ್ಲಿ 'ದೂಹಾ' ಮಾಡಿದ್ರು, ಎರಡೂ ಪಾಠದ ಥರ ಕೇಳ್ಬಹುದು.

ಜುಲು, ಖೋಸಾದಲ್ಲೂ ಏರು ಇಳಿ ಇದೆ. ಜೊತೆಗೆ ಬಿ-ಎಚ್, ಡಿ, ಜಿ, ಝಡ್ ಥರದ ಭಾರದ ವ್ಯಂಜನ ಬಂದಾಗ ಆಮೇಲೆ ಬರೋ ಸ್ವರದ ಶುರು ಕೆಳಗೆ ಜಗ್ಗತ್ತೆ, ಕೆಳಗಿಂದ ಜಾರಿ ಮೇಲೆ ಬಂದ ಹಾಗೆ ಕೇಳತ್ತೆ. ಪಿಚ್ ಕರೆಕ್ಷನ್ ಸಾಫ್ಟ್‌ವೇರ್ ಇದನ್ನ ಅಪಸ್ವರ ಅಂತ ನೇರ ಮಾಡಿಬಿಡತ್ತೆ. ನಾನು ಮಾಡೋದು ಹೀಗೆ: ರೀಟ್ಯೂನ್ ವೇಗ ನಿಧಾನಕ್ಕೆ ಇಡ್ತೀನಿ, ಎಳೆದ ಅಕ್ಷರದ ಮಧ್ಯಭಾಗ ಮಾತ್ರ ಸರಿ ಮಾಡ್ತೀನಿ, ವ್ಯಂಜನ ಆದ ಮೇಲಿನ ಜಾರು ಮುಟ್ಟಲ್ಲ. ಇಡೀ ವೋಕಲನ್ನ ಎರಡು ಮೂರು ಸೆಮಿಟೋನ್ ಏರಿಸೋದು ಇಳಿಸೋದು ತೊಂದರೆ ಇಲ್ಲ, ಯಾಕಂದ್ರೆ ಸ್ಥಾಯಿ ಅನ್ನೋದು ಅಕ್ಕಪಕ್ಕದ ಅಕ್ಷರಕ್ಕೆ ಹೋಲಿಸಿ ಗೊತ್ತಾಗೋದು. ಒಳಗಿನ ಒಂದು ಅಕ್ಷರವನ್ನ ಮಾತ್ರ ನಿಮ್ಮ ಕಾರ್ಡಿಗೆ ಹೊಂದಲಿ ಅಂತ ಮೇಲಕ್ಕೆ ಎತ್ತೋದು ಅಪಾಯ. ಅಂಥ ಕಡೆ ವಾಯ್ಸ್ ನೋಟ್ ಕೇಳಿ, ಮಾತಲ್ಲಿ ಆ ಅಕ್ಷರ ಪಕ್ಕದ್ದಕ್ಕಿಂತ ಕೆಳಗಿದ್ರೆ ನೀವು ಕಾರ್ಡ್ ಬದಲಾಯಿಸಿ. ಹಾಡುಗಾರರು ತಾವೇ ರಾಗ ಕಟ್ಟುವಾಗ ಸ್ಥಾಯಿಯನ್ನ ಮುರಿಯೋದೂ ಉಂಟು, ಅವರಿಗೆ ಎಲ್ಲಿ ಮುರಿದ್ರೆ ಅರ್ಥ ಉಳಿಯತ್ತೆ ಅಂತ ಗೊತ್ತು, ನಮಗೆ ಗೊತ್ತಿಲ್ಲ. ಹೊಸಬರಾದ್ರೆ ಸ್ವಾಹಿಲಿಯಿಂದ ಶುರು ಮಾಡಿ, ಅದರಲ್ಲಿ ಸ್ಥಾಯಿ ಇಲ್ಲ, ಕೊನೆಯಿಂದ ಎರಡನೇ ಅಕ್ಷರಕ್ಕೆ ಒತ್ತು ಬಿದ್ರೆ ಸಾಕು.

ಚಾಪ್ ಮಾಡೋಕೆ ನನ್ನದು ಒಂದೇ ನಿಯಮ, ಕತ್ತರಿ ಪದದ ಗಡಿಯಲ್ಲಿ ಮಾತ್ರ. ಸನ್-ಎಲ್ ಮ್ಯೂಸಿಷಿಯನ್ ಮತ್ತೆ ಸಂಥಿಂಗ್ ಸೊವೆಟೊ ಅವರ 2017ರ ಹಾಡಿನ ಹೆಸರು 'ಅಕಾನಮಾಲಿ'. ಬಿಡಿಸಿದ್ರೆ ಅ, ಕಾ, ನಾ, ಮಾಲಿ. ಇಲ್ಲ, ಅವನು ಅಥವಾ ಅವಳು, ಹತ್ರ, ದುಡ್ಡು. ಕಿಸೆ ಖಾಲಿ ಇರೋ ಪ್ರೀತಿಯ ಕಥೆ ಪೂರ್ತಿ ಒಂದು ಪದದಲ್ಲಿದೆ. ಇದರಿಂದ 'ಮಾಲಿ, ಮಾಲಿ' ಅಂತ ಮಾತ್ರ ಕತ್ತರಿಸಿ ಲೂಪ್ ಮಾಡಿದ್ರೆ ದುಡ್ಡು ದುಡ್ಡು ಅಂತ ಕೂಗಿದ ಹಾಗಾಗತ್ತೆ. ಚಿಕ್ಕ ಚಿಕ್ಕ ಚೂರು ಬೇಕೇ ಬೇಕು ಅಂದ್ರೆ ಅರ್ಥ ಇಲ್ಲದ ಆಲಾಪ, ಉಸಿರು, ಕೇಕೆ ಇಂಥದ್ದನ್ನ ಬೇರೆಯಾಗಿ ಹಾಡಿಸ್ಕೊಳಿ. ಅದಕ್ಕೂ ದುಡ್ಡು ಕೊಡಿ.

ಜೋಡಣೆ ಬಗ್ಗೆ ಸ್ವಲ್ಪ. ಒಬ್ಬರು ಕೇಳೋದು, ಗುಂಪು ಉತ್ತರ ಕೊಡೋದು ಅಂತ ಎಲ್ಲರಿಗೂ ಗೊತ್ತು. ಜುಲು ಗುಂಪು ಹಾಡಲ್ಲಿ ಉತ್ತರ ಕೊಡೋರು ಕೇಳೋರು ಮುಗಿಸೋವರೆಗೂ ಕಾಯಲ್ಲ, ಒಬ್ಬರ ಬಾಲದ ಮೇಲೆ ಇನ್ನೊಬ್ಬರ ತಲೆ ಬೀಳತ್ತೆ, ಎಲ್ಲರೂ ಒಟ್ಟಿಗೆ ನಿಲ್ಲೋ ಜಾಗವೇ ಇರಲ್ಲ, ಹಾಗಾಗಿ ಅದು ಸುತ್ತುತ್ತಲೇ ಇರತ್ತೆ. ನಾಲ್ಕು ಬಾರ್ ಲೂಪಿಗೆ ಇದಕ್ಕಿಂತ ಒಳ್ಳೇದು ಏನು ಬೇಕು ಹೇಳಿ. ಉತ್ತರದ ಟ್ರ್ಯಾಕನ್ನ ಅರ್ಧ ಬಾರ್ ಮುಂಚೆ ಶುರು ಮಾಡಿ ನೋಡಿ. ಗಂಡಸರ ಮಂದ್ರ ದನಿ ಇದ್ರೆ ಲಾಗ್ ಡ್ರಮ್ಮಿಗೂ ಅದಕ್ಕೂ ಜಗಳ ಆಗತ್ತೆ, ಎರಡೂ 80ರಿಂದ 150 ಹರ್ಟ್ಸ್ ಸುತ್ತ ಇರ್ತವೆ, ದನಿ ಇರೋ ಕಡೆ ಲಾಗ್ ಡ್ರಮ್ ಕಡಿಮೆ ಬಾರಿಸಿ, ದನಿಯ ತಳ ಕತ್ತರಿಸ್ಬೇಡಿ.

ಹಕ್ಕಿನ ವಿಷಯ ಕೊನೆಗೆ ಅಂತ ಇಡ್ಬೇಡಿ, ಹಾಡೋದಕ್ಕೆ ಮುಂಚೆ ಬರೆದಿಡಿ. ಸೊಲೊಮನ್ ಲಿಂಡಾ ಅಂತ ಜುಲು ಹಾಡುಗಾರ 1939ರಲ್ಲಿ ಜೊಹಾನ್ಸ್‌ಬರ್ಗಲ್ಲಿ 'ಮ್ಬೂಬೆ' ಅಂತ ಹಾಡಿದ್ರು, ಸಿಂಹ ಅಂತ ಅರ್ಥ, ಅದರ ಹಕ್ಕಿಗೆ ಸಿಕ್ಕಿದ್ದು 10 ಶಿಲ್ಲಿಂಗ್. ಅಮೆರಿಕದಲ್ಲಿ ಜಾನಪದ ಹಾಡುಗಾರ ಪೀಟ್ ಸೀಗರ್ ಆ ರೆಕಾರ್ಡ್ ಕೇಳಿ 'ಉಯಿಂಬೂಬೆ' ಅನ್ನೋದನ್ನ 'ವಿಮೊವೆ' ಅಂತ ಬರ್ಕೊಂಡ್ರು. 'ನೀನೊಂದು ಸಿಂಹ' ಅನ್ನೋ ಮಾತು ಅರ್ಥವೇ ಇಲ್ಲದ ಸದ್ದಾಗಿ ಪ್ರಪಂಚ ಸುತ್ತಿತು. 1961ರಲ್ಲಿ ಅದೇ ರಾಗ ಇಂಗ್ಲಿಷ್ ಸಾಹಿತ್ಯದ ಜೊತೆ ದೊಡ್ಡ ಹಿಟ್ ಆಯ್ತು, ಲಿಂಡಾ 1962ರಲ್ಲಿ ಬಡತನದಲ್ಲೇ ತೀರ್ಕೊಂಡ್ರು, ಮನೆಯವರಿಗೆ ಒಪ್ಪಂದ ಆಗಿದ್ದು 2006ರಲ್ಲಿ. ಮಾತು ಹೋಗಿದ್ದೂ ದುಡ್ಡು ಹೋಗಿದ್ದೂ ಒಂದೇ ಹಾಡಲ್ಲಿ ಆಗಿದೆ ನೋಡಿ, ನನಗೆ ಇದನ್ನ ನೆನೆಸ್ಕೊಂಡ್ರೆ ಈಗಲೂ ಹೊಟ್ಟೆ ತೊಳಸತ್ತೆ.

ಹಾಗಾಗಿ ಹಾಡಿದ್ದಕ್ಕೆ ಸಂಭಾವನೆ ಬೇರೆ, ಸಾಹಿತ್ಯ ರಾಗ ಅವರದ್ದಾದ್ರೆ ಕಂಪೋಸರ್ ಪಾಲು ಬೇರೆ. ನಾನು ಟಾಪ್‌ಲೈನ್ (ಹಾಡೋ ರಾಗ, ಸಾಹಿತ್ಯ) ಬರೆದವರಿಗೆ ಅರ್ಧ ಕೊಡ್ತೀನಿ. ಹಾಡಿನ ರಾಯಧನ ವಸೂಲಿ ಮಾಡೋ ಸಂಘಗಳಲ್ಲಿ, ಅವರು ದಕ್ಷಿಣ ಆಫ್ರಿಕಾದ ಸಾಮ್ರೋದಲ್ಲಿ, ನೀವು ಇಲ್ಲಿ ಐಪಿಆರ್‌ಎಸ್‌ನಲ್ಲಿ ಸದಸ್ಯರಾಗಿದ್ರೆ ಎರಡೂ ಕಡೆ ಒಂದೇ ಶೇಕಡಾವಾರು ನಮೂದಾಗಿದೆಯಾ ನೋಡ್ಕೊಳಿ. ಮೆಟಾಡೇಟಾದಲ್ಲಿ ಹೆಸರು, ಭಾಷೆ, ಸ್ಪೆಲ್ಲಿಂಗ್ ಅವರು ಬರೆದ ಹಾಗೇ ಇರ್ಲಿ. ಊರಿನ ಹಳೇ ಹಾಡು ಅಂದ್ರೆ ಅದನ್ನ ಯಾರು ಯಾವಾಗ ಹಾಡ್ತಾರೆ ಅಂತ ಕೇಳಿ. ಖೋಸಾ ಗಂಡುಮಕ್ಕಳು ಗಂಡಸರಾಗೋ ಉಲ್ವಾಲುಕೋ ಆಚರಣೆಯ ಹಾಡುಗಳಂಥವು ಹೊರಗಿನವರಿಗಲ್ಲ, ಕ್ಲಬ್ಬಿಗಂತೂ ಅಲ್ಲವೇ ಅಲ್ಲ.

ಮಾಸ್ಟರಿಂಗಿಗೆ ಕಳಿಸೋದಕ್ಕೆ ಮುಂಚೆ ಒಂದು ಪರೀಕ್ಷೆ ಮಾಡಿ. ಆ ಭಾಷೆ ಮನೆಮಾತಾಗಿರೋ, ಸಾಹಿತ್ಯ ನೋಡಿರದ ಒಬ್ಬರಿಗೆ ಮಿಕ್ಸ್ ಕಳಿಸಿ, ಕೇಳಿದ್ದನ್ನ ಬರೆದು ಕಳಿಸಿ ಅಂತ ಕೇಳ್ಕೊಳಿ. ನನಗೆ ಈಗ ಡರ್ಬನ್ನಿನ ಆ ಹಾಡುಗಾರ್ತಿಯ ಅಮ್ಮನೇ ಇದನ್ನ ಮಾಡಿಕೊಡ್ತಾರೆ. ಹೋದ ಟ್ರ್ಯಾಕಲ್ಲಿ 12 ಸಾಲಿಗೆ 9 ಸರಿ ಬರೆದ್ರು. ತಪ್ಪಿದ ಮೂರರಲ್ಲಿ ಎರಡು ಕಡೆ ಡೀ-ಎಸ್ಸರ್ ಎಚ್-ಎಲ್ ತಿಂದಿತ್ತು, ಒಂದು ಕಡೆ ನಾನು ಕಾರ್ಡಿಗಾಗಿ ಒಂದು ಅಕ್ಷರ ಎತ್ತಿದ್ದೆ. ಎತ್ತಿದ್ದನ್ನ ಇಳಿಸಿ, ಪಿಯಾನೋ ಕಾರ್ಡ್ ಬದಲಾಯಿಸಿ ಮತ್ತೆ ಕಳಿಸಿದೀನಿ, ಉತ್ತರಕ್ಕೆ ಕಾಯ್ತಾ ಇದೀನಿ.